ಎದ್ದು ಕಾಣಲು ಕಪ್ಪು

ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದ ಹಾಕ್ ತರಬೇತಿ ವಿಮಾನಗಳು ದೂರದಿಂದ ಬರುವುದನ್ನು ನೋಡಿದ್ದೀರಾ? ಬಳಿದಿರುವುದು ಕೆಂಪು, ಬಿಳಿ. ಆದರೆ ಮೊದಲು ಕಾಣುವುದು ಎಳ್ಳು ಚೆಲ್ಲಿದ ಹಾಗೆ ಒಂದಿಷ್ಟು ಕಪ್ಪು ಚುಕ್ಕೆ. ಹತ್ತಿರ ಬಂದು ವಾಲಿದಾಗಷ್ಟೇ ಕೆಂಪು ಹೊಳೆಯುತ್ತದೆ.

ಯುದ್ಧವಿಮಾನಕ್ಕೆ ಅಡಗಿಸುವ ಬಣ್ಣ ಬೇಕು. ತರಬೇತಿ ವಿಮಾನದ್ದು ಉಲ್ಟಾ. ಕೂತಿರುವವರು ಇನ್ನೂ ಕಲಿಯುತ್ತಿದ್ದಾರೆ, ಸ್ವಲ್ಪ ದೂರ ಇರಿ ಅಂತ ಅದು ಎಲ್ಲರಿಗೂ ಹೇಳಬೇಕು. ಕಾರಿಗೆ ‘ಎಲ್’ ಬೋರ್ಡ್ ಇದ್ದ ಹಾಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಬೋರ್ಡಿನ ಬಣ್ಣ ಹಳದಿ. ಬ್ರಿಟನ್ನಿನ ಟೈಗರ್ ಮಾತ್‌ಗಳ ಹೊಟ್ಟೆ ಹಳದಿ, ಕೆನಡಾದ ಹಾರ್ವರ್ಡ್‌ಗಳು ಮೈತುಂಬ ಹಳದಿ. 1970ರ ದಶಕದಲ್ಲಿ ಬ್ರಿಟನ್ ಕೆಂಪು, ಬಿಳಿ, ತಿಳಿ ಬೂದಿಗೆ ಬದಲಾಯಿತು. 1990ರ ದಶಕದಲ್ಲಿ ಪರೀಕ್ಷೆ ಮಾಡಿ ನೋಡಿದರೆ ಗೆದ್ದದ್ದು ಹೊಳೆಯುವ ಕಪ್ಪು! ಅಲ್ಲಿನ ಹಾಕ್, ಟುಕಾನೋ ತರಬೇತಿ ವಿಮಾನಗಳಿಗೆ ಅದನ್ನೇ ಬಳಿದರು.

ಬೆಳ್ಳಕ್ಕಿಯನ್ನೇ ನೋಡಿ. ಹಸಿರು ಗದ್ದೆಯಲ್ಲಿ ನಿಂತರೆ ಅರ್ಧ ಮೈಲಿಯಿಂದಲೂ ಕಾಣುತ್ತದೆ. ಹಾರಿ ಬಿಳಿ ಮೋಡದ ಮುಂದೆ ಹೋದರೆ ಹುಡುಕಬೇಕು. ಕಾಗೆಗೆ ಆ ಕಷ್ಟವಿಲ್ಲ. ಹಗಲಿನ ಆಕಾಶ ಅಂದರೆ ಉರಿಯುವ ದೀಪ, ಅದರ ಮುಂದೆ ಬೆಳಕಿಗೆ ಅಡ್ಡ ನಿಂತದ್ದು ಸಾಮಾನ್ಯವಾಗಿ ಕಪ್ಪಗೇ ಕಾಣುತ್ತದೆ. ದೂರದ ಚಿಕ್ಕ ಚುಕ್ಕೆಯಲ್ಲಿ ಕೆಂಪು ಯಾವುದು, ಹಳದಿ ಯಾವುದು ಅಂತ ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. ನಡುವಿನ ಮಬ್ಬು ಇದ್ದಬದ್ದ ಬಣ್ಣವನ್ನೂ ತಿಂದುಹಾಕುತ್ತದೆ. ಉಳಿಯುವುದು ಬೆಳಕು-ಕತ್ತಲೆಯ ವ್ಯತ್ಯಾಸ ಮಾತ್ರ.

ಇದನ್ನು ಅಮೆರಿಕದವರು 1943ರಲ್ಲೇ ತಿರುಗಿಸಿ ಬಳಸಿದ್ದರು. ಅವೆಂಜರ್ ವಿಮಾನದ ಮುಂಭಾಗಕ್ಕೆ ದೀಪಗಳನ್ನು ಕಟ್ಟಿ, ಹಿಂದಿನ ಆಕಾಶದಷ್ಟೇ ಬೆಳಗಿಸಿದರು. 19 ಕಿಲೋಮೀಟರ್ ದೂರದಿಂದ ಕಾಣುತ್ತಿದ್ದದ್ದು ಸುಮಾರು 3 ಕಿಲೋಮೀಟರಿಗೆ ಬರುವ ತನಕ ಕಾಣಲಿಲ್ಲ. ಬಚ್ಚಿಟ್ಟುಕೊಳ್ಳಲು ದೀಪ ಹಚ್ಚುವುದು, ತಮಾಷೆ ಅಲ್ವಾ?

ಈ ತಲೆನೋವು ಯಾಕೆ ಅಂದರೆ, ಗಂಟೆಗೆ 800 ಕಿಲೋಮೀಟರ್ ವೇಗದ ಎರಡು ವಿಮಾನ ಎದುರಾದರೆ 5 ಕಿಲೋಮೀಟರ್ ಕರಗಲು 11 ಸೆಕೆಂಡ್ ಸಾಕು. ಇನ್ನೂ ಕೆಟ್ಟದ್ದು: ನೇರ ದಾರಿಯಲ್ಲಿ ಬಂದು ಡಿಕ್ಕಿ ಹೊಡೆಯಲಿರುವ ವಿಮಾನ ಪೈಲಟ್ ಎದುರಿನ ಗಾಜಿನಲ್ಲಿ ಅತ್ತಿತ್ತ ಸರಿಯುವುದೇ ಇಲ್ಲ. ಒಂದೇ ಕಡೆ ಸುಮ್ನೆ ಕೂತಿರುತ್ತದೆ, ಕೊನೆಯ ಕೆಲವು ಸೆಕೆಂಡಿನಲ್ಲಿ ಗಪ್ಪಂತ ದೊಡ್ಡದಾಗುತ್ತದೆ. ಕದಲದೇ ಇರುವುದು ಕಣ್ಣಿಗೆ ಬೀಳುವುದೇ ಕಷ್ಟ. ಅಂಥ ಕಡೆ ಚುಕ್ಕೆ ಎಷ್ಟು ಕಪ್ಪಗಿದ್ದರೆ ಅಷ್ಟು ಒಳ್ಳೆಯದು.

ಕಪ್ಪಿಗೂ ಸೋಲಿದೆ. ಮೇಲಿನಿಂದ ನೋಡಿದರೆ ಕಾಡಿನ ಮೇಲೆ ಅದು ಕರಗಿಹೋಗುತ್ತದೆ, ಅಲ್ಲಿ ಬೆಳ್ಳಕ್ಕಿಯೇ ಜಾಣ. ಕಪ್ಪು ಬಿಸಿಲನ್ನೂ ಜಾಸ್ತಿ ಹೀರುತ್ತದೆ. ಗಾಜಿನ ನಾರಿನ ಗ್ಲೈಡರುಗಳು ಬಿಳಿಯಾಗಿರುವುದು ಅದಕ್ಕೇ, ಬಿಸಿಗೆ ಅವುಗಳ ಅಂಟು ಮೆತ್ತಗಾಗುತ್ತದೆ. ಲೋಹದ ಹಾಕ್‌ಗೆ ಆ ಭಯವಿಲ್ಲ ನಿಜ. ಆದರೆ ಸೂರ್ಯಕಿರಣ ತಂಡದ ಮನೆ ಬೀದರ್. ಅಲ್ಲಿನ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ವಿಮಾನವನ್ನು ಬರಿಗೈಯಲ್ಲಿ ಮುಟ್ಟುವ ಕೆಲಸ ನನಗಂತೂ ಬೇಡ.