ನೂರರ ಗೆರೆಯೊಳಗೆ ಉಳಿದ ಬ್ರೇಕ್ ಪೈಪು

ಹಾಸನದಲ್ಲಿ ಮೆಕ್ಯಾನಿಕಲ್ ಓದಿ ಪೀಣ್ಯ, ಬಿಡದಿ ಕಡೆ ವಾಹನ ಬಿಡಿಭಾಗದ ಕೆಲಸಕ್ಕೆ ಸೇರುವ ಹುಡುಗರಿಗೆ ಎಫ್‌ಎಂಇಎ ಎಂಬ ಉದ್ದನೆಯ ಎಕ್ಸೆಲ್ ಶೀಟ್ ಎದುರಾಗುತ್ತದೆ. ಯಾವ ಭಾಗ ಹೇಗೆ ಕೆಡಬಹುದು, ಯಾವುದನ್ನು ಮೊದಲು ಸರಿಮಾಡಬೇಕು ಅಂತ ಬರೆದಿಡುವ ಪಟ್ಟಿ ಅದು. ಒಂದು ಶೀಟ್‌ನಲ್ಲಿ ಆರ್‌ಪಿಎನ್ ಎಂಬ ಅಪಾಯದ ಅಂಕ, ಇನ್ನೊಂದರಲ್ಲಿ ಎಚ್ (ಹೈ), ಎಂ (ಮೀಡಿಯಂ), ಎಲ್ (ಲೋ) ಅಕ್ಷರ. ಯಾವುದನ್ನು ನಂಬೋದು?

1949ರಲ್ಲಿ ಅಮೆರಿಕದ ಸೇನೆಯಲ್ಲಿ ಹುಟ್ಟಿದ ಈ ಪದ್ಧತಿ ಅಪೊಲೊ ಯೋಜನೆ ದಾಟಿ 1970ರ ದಶಕದಲ್ಲಿ ಕಾರಿನವರ ಕೈಗೆ ಬಂತು. ಉಪಗ್ರಹದವರಿಗಂತೂ ಇಂಥ ಯೋಚನೆ ಬಿಟ್ಟರೆ ಗತಿಯಿಲ್ಲ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ನೋಡಿಕೊಳ್ಳುತ್ತಿದ್ದ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹಾರಿ, ಸೆಪ್ಟೆಂಬರ್‌ಗೆಲ್ಲ ಇಂಧನ ಮುಗಿದು ಕೈತಪ್ಪಿತು. 36 ಸಾವಿರ ಕಿ.ಮೀ. ಮೇಲೆ ರಿಪೇರಿಗೆ ಯಾರು ಹೋಗ್ತಾರೆ?

ಗಂಟು ಬಿದ್ದಿದ್ದು 1990ರ ದಶಕದಲ್ಲಿ. ಅಮೆರಿಕದ ವಾಹನ ಉದ್ಯಮದ ಸಂಘಟನೆ ಎಐಎಜಿ 1993ರಲ್ಲಿ ಎಫ್‌ಎಂಇಎ ಕೈಪಿಡಿ ತಂದ ಮೇಲೆ ಬಿಡಿಭಾಗ ಮಾಡುವವರಿಗೆಲ್ಲ ಇದು ಕಡ್ಡಾಯದಂತಾಯಿತು. ಕೆಟ್ಟರೆ ಎಷ್ಟು ಅನಾಹುತ, ಎಷ್ಟು ಸಲ ಕೆಡಬಹುದು, ಮೊದಲೇ ಪತ್ತೆ ಹಚ್ಚೋದು ಎಷ್ಟು ಕಷ್ಟ: ಮೂರಕ್ಕೂ 1ರಿಂದ 10 ಅಂಕ. ಗುಣಿಸಿದರೆ ಆರ್‌ಪಿಎನ್. ನೋಡೋಕೆ ಅಚ್ಚುಕಟ್ಟು. ಆದರೆ 10 ಎಂದರೆ 5ರ ಎರಡರಷ್ಟು ಅಪಾಯ ಅಂತೇನೂ ಅಲ್ಲ, ಓಟದ ಸ್ಪರ್ಧೆಯ ಸ್ಥಾನದ ಹಾಗೆ ಬರೀ ಹಿಂದೆ ಮುಂದೆ ತೋರಿಸುತ್ತದೆ. ಅದನ್ನು ಗುಣಿಸೋದೇ ತಪ್ಪು ಲೆಕ್ಕ.

ಬ್ರೇಕ್ ಪೈಪ್ ಸೋರಿಕೆಗೆ 10, 4, 2 ಅಂಕ ಕೊಡಿ. ಬಂದದ್ದು 80. ಬಣ್ಣದ ಗೀರಿಗೆ 4, 5, 6 ಕೊಡಿ. ಬಂದದ್ದು 120. ಮೀಟಿಂಗ್ ಪೂರ್ತಿ ಬಣ್ಣದ ಮಾತೇ!

ಅದರ ಮೇಲೆ ‘100 ದಾಟಿದರೆ ಮಾತ್ರ ಕ್ರಮ’ ಎಂಬ ರೂಢಿ ಬೇರೆ. ಇಂಥ ಗೆರೆ ಹಾಕಬೇಡಿ ಅಂತ ಎಐಎಜಿ ಕೈಪಿಡಿಯ 2008ರ ಆವೃತ್ತಿಯೇ ಹೇಳಿತ್ತು. ಕೇಳಿದವರು ಕಮ್ಮಿ. ಆಡಿಟ್ ಹತ್ತಿರ ಬಂದಾಗ 6, 6, 3 ಇದ್ದ ಸಾಲಿನಲ್ಲಿ ಕೊನೆಯ 3 ಅಳಿಸಿ 2 ಬರೆದರೆ ಆಯ್ತು, 108 ಹೋಗಿ 72. ಡ್ರಾಯಿಂಗ್ ಅದೇ, ಮೆಷಿನ್ ಅದೇ, ತಪಾಸಣೆಯೂ ಅದೇ.

2019ರಲ್ಲಿ ಎಐಎಜಿ ಮತ್ತು ಜರ್ಮನಿಯ ವಾಹನ ಉದ್ಯಮದ ಸಂಘಟನೆ ವಿಡಿಎ ಸೇರಿ ತಂದ ಕೈಪಿಡಿ ಗುಣಾಕಾರವನ್ನೇ ಕೈಬಿಟ್ಟಿತು. ಮೂರು ಅಂಕಗಳನ್ನು ಒಂದು ಕೋಷ್ಟಕದಲ್ಲಿ ನೋಡಿ ಎಚ್, ಎಂ, ಎಲ್ ಅಂತ ಆದ್ಯತೆ ಹಾಕಬೇಕು, ಅನಾಹುತದ ಅಂಕಕ್ಕೇ ತೂಕ ಜಾಸ್ತಿ. ಈಗ ಅದೇ ಬ್ರೇಕ್ ಪೈಪು ಎಚ್, ಅದೇ ಗೀರು ಎಲ್. ಎಚ್ ಬಂದರೆ ಕ್ರಮ ಕೈಗೊಳ್ಳಬೇಕು, ಇಲ್ಲವೇ ಈಗಿರುವ ವ್ಯವಸ್ಥೆ ಯಾಕೆ ಸಾಕು ಅಂತ ಬರೆದಿಡಬೇಕು. ಆದರೂ ಗಿರಾಕಿಗಳಲ್ಲಿ ಒಬ್ಬರು ಹಳೆಯದನ್ನು, ಇನ್ನೊಬ್ಬರು ಹೊಸದನ್ನು ಕೇಳಿದರೆ ಒಂದೇ ಭಾಗಕ್ಕೆ ಎರಡು ಶೀಟ್ ತುಂಬಬೇಕು. ಆ ಕೆಲಸ ಸಾಮಾನ್ಯವಾಗಿ ಹೊಸದಾಗಿ ಸೇರಿದವರ ಪಾಲಿಗೇ.