ಬಾವಿಕಟ್ಟೆಯಲ್ಲಿ ಉಳಿದ ಕೊಡಪಾನ: 'ಸಮಾಧಾನ'ದ ಬಗ್ಗೆ ಒಂದಿಷ್ಟು ಟಿಪ್ಪಣಿ

ಕಳೆದ ವಾರ ಮಂಗಳೂರಿನ ಬಲ್ಮಠದ ನಮ್ಮ ಮನೆಕೂಟದಲ್ಲಿ ಸತ್ಯವೇದದ 2 ಕೊರಿಂಥ, ಅಂದರೆ ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದ, 5ನೇ ಅಧ್ಯಾಯ ಓದಿದೆವು. ದೇವರೊಂದಿಗೆ ಸಮಾಧಾನವಾಗಿರಿ ಎಂದು ಪೌಲ ಬೇಡಿಕೊಳ್ಳುವ 20ನೇ ವಚನ ಬಂತು. ಒಬ್ಬರು ಅಜ್ಜಿ ಕೇಳಿಯೇ ಬಿಟ್ಟರು: "ಸಮಾಧಾನ ಮಾಡ್ಕೊಳ್ಳಿ ಅಂದ್ರೆ ಅಳಬೇಡಿ ಅಂತ ಅಲ್ವಾ? ಸಾವಿನ ಮನೆಗೆ ಹೋದ್ರೆ ನಾವು ಹೇಳುವುದೂ ಅದೇ ಅಲ್ವಾ ಮಾರಾಯ್ರೆ." ಎಲ್ಲರೂ ನಕ್ಕೆವು. ಆದರೆ ಸರಿಯಾದ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಮನೆಗೆ ಬಂದು ಕೂತು ಬರೆದದ್ದು ಇದು.

ಮೊದಲು ಪದ. ಪೌಲ ಬಳಸಿದ ಗ್ರೀಕ್ ಪದ ಕತಲ್ಲಾಸ್ಸೋ. ಅದರ ಹಳೆಯ ಅರ್ಥ ಬದಲಾಯಿಸಿಕೊಳ್ಳುವುದು. ಒಂದು ನಾಣ್ಯ ಕೊಟ್ಟು ಇನ್ನೊಂದು ನಾಣ್ಯ ತೆಗೆದುಕೊಳ್ಳುವುದಕ್ಕೂ ಆ ಪದವೇ ಇತ್ತು. ಆಮೇಲೆ ಹಗೆತನ ಹೋಗಿ ಸ್ನೇಹ ಬಂದರೆ ಅದಕ್ಕೂ ಹಾಗೇ ಹೇಳತೊಡಗಿದರು. ಹಾಗಾಗಿ ಇಲ್ಲಿ ಸಮಾಧಾನ ಎಂದರೆ ಮನಸ್ಸು ತಣ್ಣಗಾಗುವುದಷ್ಟೇ ಅಲ್ಲ, ಮುರಿದ ಸಂಬಂಧ ಮತ್ತೆ ಕೂಡುವುದು.

ರಾಜಿ ಅನ್ನಬಹುದಾ? ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಜಾಗದ ಗಡಿಗೆ ತಕರಾರು ಬಂದರೆ ಹಿರಿಯರು ಕೂರಿಸಿ ಮಾತಾಡಿಸುತ್ತಾರೆ. ಇವರು ಎರಡು ಅಡಿ ಬಿಡುತ್ತಾರೆ, ಅವರು ಒಂದು ತೆಂಗಿನಮರ ಬಿಡುತ್ತಾರೆ. ಪೌಲ ಹೇಳುವುದರಲ್ಲಿ ಹಾಗೆ ಇಬ್ಬರೂ ಬಿಟ್ಟುಕೊಡುವ ಲೆಕ್ಕವಿಲ್ಲ. ಅವನ ಪತ್ರಗಳಲ್ಲಿ ದೇವರಿಗೂ ಮನುಷ್ಯರಿಗೂ ನಡುವೆ ಈ ಪದ ಬಂದಲ್ಲೆಲ್ಲ ಸಮಾಧಾನ ಮಾಡುವವರು ದೇವರು. ನಾವು ದೇವರ ಸಿಟ್ಟು ಇಳಿಸಿದೆವು ಎಂದು ಒಂದು ಕಡೆಯೂ ಬರೆದಿಲ್ಲ. ನೋವು ತಿಂದವರೇ ಮೊದಲು ಬಾಗಿಲು ತಟ್ಟುತ್ತಾರೆ. ರೋಮ 5:10 ನೋಡಿ: ನಾವಿನ್ನೂ ವೈರಿಗಳಾಗಿದ್ದಾಗಲೇ ಅದು ನಡೆಯಿತು. 2 ಕೊರಿಂಥ 5:19ರಲ್ಲಿ ಅಪರಾಧಗಳನ್ನು ಲೆಕ್ಕಕ್ಕೆ ಹಾಕಲಿಲ್ಲ ಅನ್ನುವ ಮಾತು ಅಂಗಡಿಯ ಸಾಲದ ಪುಸ್ತಕದ ಮಾತು. ಬರೆದಿಡಬೇಕಾದದ್ದನ್ನು ಬರೆಯದೆ ಬಿಟ್ಟರು.

ಇದಿಷ್ಟು ಪಾಠ. ಇದು ನಡೆಯುವುದನ್ನು ಕಣ್ಣಾರೆ ನೋಡಬೇಕಾದರೆ ಯೋಹಾನನ ಸುವಾರ್ತೆಯ 4ನೇ ಅಧ್ಯಾಯಕ್ಕೆ ಹೋಗಬೇಕು.

ಸಮಾರ್ಯದ ಸುಖರೆಂಬ ಊರು. ಯಾಕೋಬನ ಬಾವಿ. ಮಧ್ಯಾಹ್ನ. ನೀರು ಸೇದುವುದು ಬೆಳಿಗ್ಗೆ, ಇಲ್ಲ ಸಂಜೆ, ಇದನ್ನು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ನೆತ್ತಿ ಸುಡುವ ಹೊತ್ತಿಗೆ ಸಮಾರ್ಯದ ಹೆಂಗಸೊಬ್ಬಳು ಒಬ್ಬಳೇ ಬಂದಿದ್ದಾಳೆ ಅಂದರೆ ಉಳಿದ ಹೆಂಗಸರ ಜೊತೆ ಬರಲು ಆಗುತ್ತಿರಲಿಲ್ಲವೇನೋ. ಇದು ಊಹೆ, ಸತ್ಯವೇದ ಕಾರಣ ಹೇಳುವುದಿಲ್ಲ. ಅವಳಿಗೆ ಐದು ಗಂಡಂದಿರಿದ್ದರು ಎಂದು ಅದೇ ಅಧ್ಯಾಯದಲ್ಲಿದೆ. ಐದು ಗಂಡಂದಿರು ಅಂದ ಕೂಡಲೇ ನಡತೆಗೆಟ್ಟವಳು ಎಂದು ಪ್ರಸಂಗ ಮಾಡುವವರು ಜಾಸ್ತಿ. ಆ ಕಾಲದಲ್ಲಿ ಹೆಂಡತಿಯನ್ನು ಬಿಡುವ ಅಧಿಕಾರ ಹೆಚ್ಚಾಗಿ ಗಂಡನ ಕೈಯಲ್ಲಿತ್ತು. ಕೆಲವರು ಸತ್ತಿರಬಹುದು, ಕೆಲವರು ಬಿಟ್ಟುಹೋಗಿರಬಹುದು. ಸುಮ್ನೆ ಅವಳ ಮೇಲೆ ಹಾಕುವುದು ನ್ಯಾಯವಲ್ಲ.

ಬಾವಿಯ ಹತ್ತಿರ ಕೂತಿದ್ದ ಯೇಸುಸ್ವಾಮಿ ಮೊದಲು ಅವಳ ಹತ್ತಿರ ಕೇಳಿದ್ದು ನೀರು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯಿಲ್ಲ ಎಂದು 9ನೇ ವಚನದಲ್ಲಿದೆ. ಅಲ್ಲಿನ ಗ್ರೀಕ್ ಮಾತಿಗೆ ಒಂದೇ ಪಾತ್ರೆ ಬಳಸುವುದಿಲ್ಲ ಎಂಬ ಅರ್ಥವೂ ಆಗುತ್ತದೆ. ಯಾವ ಬಾವಿ ಯಾರಿಗೆ, ಯಾರ ಕೊಡಪಾನ ಯಾರು ಮುಟ್ಟಬಾರದು, ಇದೆಲ್ಲ ನಮ್ಮ ಜಿಲ್ಲೆಯ ಹಳಬರಿಗೆ ಚೆನ್ನಾಗಿ ಗೊತ್ತು. ಸೇದಲು ತನ್ನ ಹತ್ತಿರ ಏನೂ ಇಲ್ಲದೆ, ಅವಳ ಪಾತ್ರೆಯ ನೀರಿಗೆ ಕೈಚಾಚಿದರು. ಸಂಬಂಧ ಕೂಡಿದ್ದು ಅಲ್ಲಿಂದ.

ಈ ನಡುವೆ ಶಿಷ್ಯರೆಲ್ಲಿ? ಅದೇ ಊರಿಗೆ ಹೋಗಿ ಊಟಕ್ಕೆ ಬೇಕಾದದ್ದು ಕೊಂಡು ಬಂದರು. ಜೊತೆಗೆ ಒಬ್ಬರನ್ನೂ ಕರೆದುಕೊಂಡು ಬರಲಿಲ್ಲ. ಅವಳು ಕೊಡಪಾನವನ್ನು ಬಾವಿಯ ಹತ್ತಿರವೇ ಬಿಟ್ಟು ಓಡಿದಳು. ಬರುವಾಗ ಹಿಂದೆ ಊರಿಗೆ ಊರೇ ಇತ್ತು.

ಅವಳು ಹೇಳಿದ್ದೇನು? ನಾನು ಮಾಡಿದ್ದನ್ನೆಲ್ಲಾ ಹೇಳಿದವರೊಬ್ಬರು ಇದ್ದಾರೆ, ಬಂದು ನೋಡಿ. ನಮ್ಮ ಊಹೆ ಸರಿಯಾದರೆ, ಯಾರ ಬಾಯಿಗೆ ಹೆದರಿ ಮಧ್ಯಾಹ್ನ ಬಂದಿದ್ದಳೋ ಅವರೆದುರೇ ತನ್ನ ಹಳೆಯ ಕಥೆಯಿಂದ ಮಾತು ಶುರು ಮಾಡಿದಳು. ಲೆಕ್ಕ ಚುಕ್ತಾ ಆಯಿತು ಅನ್ನುವ ಸುದ್ದಿಯನ್ನು ಸಾಲ ಇದ್ದವರ ಬಾಯಿಂದ ಕೇಳಿದರೇ ಜನ ನಂಬುವುದು ಎಂದು ನನಗೆ ಅನಿಸುತ್ತದೆ. ಸಾಲವೇ ಮಾಡದವನು ಹೇಳಿದರೆ ಅವನಿಗೇನು ಗೊತ್ತು ಅನ್ನುತ್ತಾರೆ. 29ನೇ ವಚನದ ಕೊನೆಯ ಪ್ರಶ್ನೆಯೂ ಗಟ್ಟಿ ನಂಬಿಕೆಯ ಮಾತಲ್ಲ. ಗ್ರೀಕಿನಲ್ಲಿ ಅದು ಹಿಂಜರಿಯುವ ಪ್ರಶ್ನೆ. ನಮ್ಮ ಊರ ಮಾತಿನಲ್ಲಿ ಹೇಳುವುದಾದರೆ, "ಇವರೇ ಕ್ರಿಸ್ತ ಇರಲಿಕ್ಕಿಲ್ಲ, ಅಲ್ವಾ?" ಅಷ್ಟಕ್ಕೇ ಜನ ಹೊರಟರು. ಸಾಕ್ಷಿ ಹೇಳಲು ಇನ್ನೂ ಓದಬೇಕು ಎಂದು ವರ್ಷಗಟ್ಟಲೆ ಕಾಯುವ ನನ್ನಂಥವರು ಈ ವಚನವನ್ನು ಎರಡು ಸಲ ಓದಬೇಕು.

ಇಲ್ಲಿನ ಚರಿತ್ರೆಯಲ್ಲೂ ಇಂಥದ್ದು ನಡೆದಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಸುವಾರ್ತೆ ಸಾರಲು ಮಂಗಳೂರಿಗೆ ಬಂದದ್ದು 1834ರಲ್ಲಿ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದಾಗ ದೊಡ್ಡ ಸುದ್ದಿಯಾಯಿತು. ಅಂಥವರೇ ಇನ್ನಷ್ಟು ಬರಬಹುದೆಂದು ಕಾದವರಿದ್ದರು. ಆದರೆ ಕ್ರೈಸ್ತ ಸಭೆ ಬೆಳೆದದ್ದು ಜಾಸ್ತಿ ತುಳು ಮಾತಾಡುವ ಬಿಲ್ಲವರಿಂದ. 1847ರಲ್ಲಿ ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾಯಿತು. ಮೂರ್ತೆ ಕೆಲಸ, ಅಂದರೆ ಕಳ್ಳು ಇಳಿಸುವ ಕೆಲಸ, ಬಿಟ್ಟವರಿಗೆ ಹೊಟ್ಟೆಪಾಡು ಕಷ್ಟವಾಯಿತು. ಮಿಷನ್ನಿನ ನೇಯ್ಗೆ ಕೆಲಸ, 1865ರ ಜೆಪ್ಪುವಿನ ಹಂಚಿನ ಕಾರ್ಖಾನೆ ಇವೆಲ್ಲ ಬಂದದ್ದಕ್ಕೆ ಅದೂ ಒಂದು ಕಾರಣ. ಈಗ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಭೆಗಳ ಬುಡದಲ್ಲಿ ಇಂಥ ಮನೆಗಳಿವೆ. ಆ ಜನರಲ್ಲಿ ಬಹಳ ಮಂದಿಯ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಸಮಾರ್ಯದ ಹೆಂಗಸಿನ ಹೆಸರೂ ಯೋಹಾನನ ಪುಸ್ತಕದಲ್ಲಿಲ್ಲ. 42ನೇ ವಚನದಲ್ಲಿ ಊರವರು ಅವಳಿಗೆ ಹೇಳುತ್ತಾರೆ: ಇನ್ನು ನಿನ್ನ ಮಾತಿನಿಂದ ನಂಬಿದ್ದಲ್ಲ, ನಾವೇ ಕೇಳಿದ್ದೇವೆ. ಸ್ವಲ್ಪ ಒರಟಾಗಿದೆ, ಅಲ್ವಾ? ಅವಳಿಗೆ ಬೇಜಾರಾಯಿತೋ ಇಲ್ಲವೋ, ಯೋಹಾನ ಬರೆದಿಲ್ಲ. ಆ ಕೊಡಪಾನ ತೆಗೆದುಕೊಂಡು ಹೋಗಲು ಬಂದಳೋ, ಅದನ್ನೂ ಬರೆದಿಲ್ಲ.

ಬರುವ ವಾರಕ್ಕೆ ಮಾರ್ಕ 5:1-20 ಓದಿ ಬನ್ನಿ. ಸಮಾಧಿಗಳ ನಡುವೆ ಬದುಕಿದ್ದ ಮನುಷ್ಯನ ಕಥೆ. ಪೆನ್ಸಿಲ್ ಹಿಡಿದು, ಯೇಸುಸ್ವಾಮಿಯನ್ನು ಯಾರು ಯಾರು ಬೇಡಿಕೊಂಡರು ಎಂದು ಗುರುತು ಹಾಕಿ. ಹಂದಿಗಳೊಳಗೆ ಹೋಗಲು ದೆವ್ವಗಳು ಬೇಡಿದವು, ಒಪ್ಪಿದರು. ನಮ್ಮ ಸೀಮೆ ಬಿಟ್ಟುಹೋಗಿ ಎಂದು ಊರವರು ಬೇಡಿದರು, ದೋಣಿ ಹತ್ತಿದರು. ನಾನೂ ನಿಮ್ಮ ಜೊತೆ ಬರುತ್ತೇನೆ ಎಂದು ವಾಸಿಯಾದವನು ಬೇಡಿದ. ಅವನೊಬ್ಬನಿಗೆ ಮಾತ್ರ ಬೇಡ ಅಂದರು, ಮನೆಗೆ ಕಳಿಸಿದರು. ಯಾಕೆ ಇರಬಹುದು, ಯೋಚಿಸಿಕೊಂಡು ಬನ್ನಿ.