ಅಪರಿಚಿತರ ಗುಂಪು ಮತ್ತು ಮಾರ್ಗದರ್ಶಕರ ಕಾಣದ ದುಡಿಮೆ

ಸ್ಮಾರಕದ ಮುಂದೆ ನಿಂತು ಅದರ ಇತಿಹಾಸವನ್ನು ವಿವರಿಸುವುದು ಪ್ರವಾಸ ಮಾರ್ಗದರ್ಶಕರ ಕೆಲಸದಲ್ಲಿ ಎಲ್ಲರ ಕಣ್ಣಿಗೆ ಬೀಳುವ ಭಾಗ. ಪರೀಕ್ಷೆ, ಪರವಾನಗಿ, ತರಬೇತಿಗಳೆಲ್ಲ ಬಹುಮಟ್ಟಿಗೆ ಈ ಭಾಗದ ಸುತ್ತಲೇ ಇವೆ. ಆದರೆ ದಿನದ ಕೊನೆಗೆ ಅವರನ್ನು ಸುಸ್ತುಗೊಳಿಸುವುದು ಇತಿಹಾಸವಲ್ಲ. ಒಬ್ಬರನ್ನೊಬ್ಬರು ಅರಿಯದ ಇಪ್ಪತ್ತು ಮೂವತ್ತು ಮಂದಿಯನ್ನು ಮನಸ್ತಾಪವಿಲ್ಲದೆ ಒಟ್ಟಿಗೆ ನಡೆಸುವ ಹೊಣೆ. ಸಮಾಜಶಾಸ್ತ್ರಜ್ಞ ಎರಿಕ್ ಕೋಹೆನ್ 1985ರಲ್ಲಿ ಮಾರ್ಗದರ್ಶಕರ ಪಾತ್ರವನ್ನು ವಿಶ್ಲೇಷಿಸಿದಾಗ, ದಾರಿ ತೋರುವುದು ಮತ್ತು ತಿಳಿಸಿ ಹೇಳುವುದರ ಜೊತೆಗೆ ಗುಂಪಿನ ಬಿಗುವನ್ನು ಸಡಿಲಿಸುವುದು, ಸದಸ್ಯರನ್ನು ಬೆಸೆಯುವುದು, ಉತ್ಸಾಹ ಕುಂದದಂತೆ ನೋಡಿಕೊಳ್ಳುವುದು ಇವನ್ನೂ ಅದೇ ಪಾತ್ರದ ಅಂಗಗಳೆಂದು ಗುರುತಿಸಿದರು.

ಗುಂಪುಗಳು ಹೇಗೆ ರೂಪುಗೊಳ್ಳುತ್ತವೆ ಎಂಬ ಪ್ರಶ್ನೆಗೆ ಬ್ರೂಸ್ ಟಕ್‌ಮನ್ 1965ರಲ್ಲಿ ಕೊಟ್ಟ ಉತ್ತರ ಆಡಳಿತ ತರಬೇತಿಗಳಲ್ಲಿ ಇಂದಿಗೂ ಪ್ರಚಲಿತ: ಮೊದಲು ಸೇರುವುದು, ಬಳಿಕ ತಿಕ್ಕಾಟ, ಅನಂತರ ಕಟ್ಟುಪಾಡುಗಳು, ಕೊನೆಗೆ ಒಗ್ಗೂಡಿದ ಕೆಲಸ. ಅವರು ಆಧಾರವಾಗಿ ತೆಗೆದುಕೊಂಡ ಅಧ್ಯಯನಗಳಲ್ಲಿ ಹೆಚ್ಚಿನವು ಮನಶ್ಚಿಕಿತ್ಸೆ ಮತ್ತು ತರಬೇತಿಯ ಗುಂಪುಗಳಿಗೆ ಸಂಬಂಧಿಸಿದ್ದವು ಎಂಬುದನ್ನು ಮಾತ್ರ ಮರೆಯಬಾರದು. ಒಂದು ದಿನದ ಪ್ರವಾಸಕ್ಕೆ ಇಷ್ಟೊಂದು ಹಂತಗಳನ್ನು ದಾಟುವ ವ್ಯವಧಾನವೇ ಇರುವುದಿಲ್ಲ. ಇಲ್ಲಿ ಕಟ್ಟುಪಾಡುಗಳು ಮೊದಲ ಒಂದೆರಡು ಗಂಟೆಗಳಲ್ಲೇ, ಯಾರೂ ಬಾಯಿಬಿಟ್ಟು ಹೇಳದೆ, ಗಟ್ಟಿಯಾಗಿಬಿಡುತ್ತವೆ.

ತಡವಾಗಿ ಬರುವ ಸದಸ್ಯರ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೊದಲ ನಿಲುಗಡೆಯಲ್ಲಿ ಒಬ್ಬರಿಗಾಗಿ ಎಲ್ಲರೂ ಹತ್ತು ನಿಮಿಷ ಸುಮ್ಮನೆ ಕಾದರೆಂದರೆ, ಹೇಳಿದ ಸಮಯಕ್ಕೂ ಹೊರಡುವ ಸಮಯಕ್ಕೂ ಸಂಬಂಧವಿಲ್ಲವೆಂದು ಗುಂಪು ಕಲಿತಂತೆಯೇ. ಎರಡನೆಯ ನಿಲುಗಡೆಯಲ್ಲಿ ಸಮಯಪಾಲಕರೂ ನಿಧಾನಿಸುತ್ತಾರೆ, ಮೂರನೆಯದರಲ್ಲಿ ಸಿಟ್ಟು ತಡವಾದವರಿಂದ ಮಾರ್ಗದರ್ಶಕರ ಕಡೆಗೆ ತಿರುಗುತ್ತದೆ. ಸೇವಾಕ್ಷೇತ್ರದಲ್ಲಿ ಕಾಯುವಿಕೆಯ ಮನಸ್ಸ್ಥಿತಿಯ ಕುರಿತು 1985ರಲ್ಲಿ ಬರೆದ ಡೇವಿಡ್ ಮೈಸ್ಟರ್ ಅವರ ಪ್ರಕಾರ, ಕಾರಣ ತಿಳಿಯದ ಕಾಯುವಿಕೆ, ಎಷ್ಟು ಹೊತ್ತೆಂದು ಗೊತ್ತಿಲ್ಲದ ಕಾಯುವಿಕೆ ಮತ್ತು ಅನ್ಯಾಯವೆನಿಸುವ ಕಾಯುವಿಕೆ, ಇವು ಗಡಿಯಾರ ತೋರಿಸುವುದಕ್ಕಿಂತ ದೀರ್ಘವಾಗಿ ತೋರುತ್ತವೆ. ಅನುಭವಿ ಮಾರ್ಗದರ್ಶಕರು "ಒಬ್ಬರು ಇನ್ನೂ ಬರಬೇಕಿದೆ, ಇನ್ನು ಐದು ನಿಮಿಷ ನೋಡಿ ಹೊರಡುತ್ತೇವೆ, ಅಷ್ಟರಲ್ಲಿ ಮುಂದಿನ ಸ್ಥಳದ ಬಗ್ಗೆ ಒಂದು ಮಾತು" ಎನ್ನುವಾಗ ಈ ಮೂರರಲ್ಲಿ ಎರಡನ್ನು ಒಂದೇ ಏಟಿಗೆ ಕಳೆಯುತ್ತಾರೆ. ಹೇಳಿದಂತೆ ಹೊರಟರೆ ಮೂರನೆಯದೂ ಕಳೆಯುತ್ತದೆ. ಗುಂಪಿನ ಕಿರಿಕಿರಿಗೆ ಒಬ್ಬಿಬ್ಬರ ದುರ್ವರ್ತನೆಗಿಂತ ಅನಿಶ್ಚಿತತೆಯೇ ಹೆಚ್ಚಿನ ಕಾರಣ ಎಂಬುದು ನನ್ನ ಎಣಿಕೆ.

ಇನ್ನೊಂದು ತೊಡಕು ಮೌನದ್ದು. "ಎಲ್ಲರಿಗೂ ಒಪ್ಪಿಗೆ ತಾನೇ?" ಎಂಬ ಪ್ರಶ್ನೆಗೆ ಬರುವ ಸಾಮೂಹಿಕ ತಲೆದೂಗುವಿಕೆಯನ್ನು ನಂಬುವ ಮುನ್ನ ಸಾಲೊಮನ್ ಆಶ್ ಅವರು 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳನ್ನು ನೆನೆಯಬೇಕು. ಗೆರೆಗಳ ಉದ್ದವನ್ನು ಹೋಲಿಸುವಷ್ಟು ಸರಳವಾದ ಕೆಲಸದಲ್ಲಿಯೂ, ಸುತ್ತಲಿನವರೆಲ್ಲ ಒಮ್ಮತದಿಂದ ತಪ್ಪು ಹೇಳಿದಾಗ, ಭಾಗಿಗಳ ಸುಮಾರು ಮೂರನೆಯ ಒಂದು ಭಾಗದಷ್ಟು ಉತ್ತರಗಳು ಬಹುಮತದ ತಪ್ಪನ್ನೇ ಅನುಸರಿಸಿದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಮಣಿದರು. ಆದರೆ ಸರಿಯಾದ ಉತ್ತರ ಹೇಳುವ ಒಬ್ಬ ಜೊತೆಗಾರ ಸಿಕ್ಕೊಡನೆ ಈ ಮಣಿಯುವಿಕೆ ತೀವ್ರವಾಗಿ ಕುಸಿಯಿತು. ಮಂಡಿನೋವಿರುವ ಹಿರಿಯರೊಬ್ಬರು ಗೋಪುರವೇರಲು ಎಲ್ಲರೆದುರು ಒಪ್ಪಿ, ಅರ್ಧದಾರಿಯಲ್ಲಿ ಕುಸಿದು ಕೂರುವುದರ ಹಿಂದೆ ಇದೇ ಒತ್ತಡವಿರುತ್ತದೆ. "ನಾನು ಕೆಲವರೊಂದಿಗೆ ಕೆಳಗಿನ ಅಂಗಳದಲ್ಲಿರುತ್ತೇನೆ, ಮೆಟ್ಟಿಲು ಹತ್ತುವವರು ಸಹಾಯಕರ ಜೊತೆ ಹೋಗಬಹುದು" ಎಂದು ಮಾರ್ಗದರ್ಶಕರೇ ಮೊದಲು ಹೇಳಿದರೆ, ಒಪ್ಪದಿರುವುದಕ್ಕೆ ಜೊತೆಗಾರನೊಬ್ಬನನ್ನು ಒದಗಿಸಿದಂತಾಗುತ್ತದೆ.

ಗುಂಪಿನೊಳಗೆ ಮರಿಗುಂಪುಗಳು ಹುಟ್ಟುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಹೆನ್ರಿ ತಾಜ್‌ಫೆಲ್ ಅವರು 1970ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಚಿತ್ರಗಳ ಆಯ್ಕೆಯಂಥ ಕ್ಷುಲ್ಲಕ ಆಧಾರದ ಮೇಲೆ ವಿಂಗಡಿಸಲಾದ ಶಾಲಾ ಬಾಲಕರು ಕೂಡ ಹಣ ಹಂಚುವಾಗ ತಮ್ಮ ಗುಂಪಿನತ್ತಲೇ ವಾಲಿದರು. ಬಸ್ಸಿನ ಮುಂದಿನ ಸಾಲಿನವರು, ಹಿಂದಿನ ಸಾಲಿನವರು ಎಂಬ ಭೇದಕ್ಕೆ ಅಷ್ಟೇ ಸಾಕು. ಆಸನಗಳನ್ನು ದಿನವೂ ಬದಲಿಸುವ ರೂಢಿ ಹುಡುಗಾಟದಂತೆ ಕಂಡರೂ ಅರ್ಥಪೂರ್ಣವಾದದ್ದು. ಸಾಂಸ್ಕೃತಿಕ ಪ್ರವಾಸದಲ್ಲಿ ಭೇದದ ಗೆರೆ ಇನ್ನೂ ಆಳಕ್ಕಿಳಿಯಬಹುದು. ಒಂದು ಯುದ್ಧಸ್ಮಾರಕವು ಕೆಲವರಿಗೆ ಗೆಲುವಿನ ನೆನಪಾದರೆ ಅದೇ ಗುಂಪಿನ ಇನ್ನು ಕೆಲವರಿಗೆ ಸೋಲಿನ ನೆನಪಾಗಿರುತ್ತದೆ. ಆರಾಧನೆಯ ಸ್ಥಳದಲ್ಲಿ ಮೌನವನ್ನು ಬಯಸುವ ಸ್ಥಳೀಯರೂ ಚಿತ್ರ ತೆಗೆಯಲು ತವಕಿಸುವ ಪ್ರವಾಸಿಗರೂ ಒಟ್ಟಿಗೆ ಇರುತ್ತಾರೆ. ಇವರೆಲ್ಲರ ನಡುವೆ ನಿಲ್ಲುವುದು ಮಾರ್ಗದರ್ಶಕರ ಪಾಲಿಗೆ ಬಂದ ಕೆಲಸ.

ದೇಹದ ದಣಿವನ್ನೂ ಮನಸ್ಸಿನ ಲೆಕ್ಕಕ್ಕೆ ಸೇರಿಸಬೇಕು. ವಸ್ತುಸಂಗ್ರಹಾಲಯದಲ್ಲಿ ಬಗ್ಗಿ, ಕತ್ತು ಚಾಚಿ ನೋಡುವುದರಿಂದಾಗುವ ಆಯಾಸವನ್ನು ಬೆಂಜಮಿನ್ ಗಿಲ್ಮನ್ 1916ರಷ್ಟು ಹಿಂದೆಯೇ ಛಾಯಾಚಿತ್ರಗಳ ಸಮೇತ ದಾಖಲಿಸಿದ್ದರು. ಮಧ್ಯಾಹ್ನದ ಮೇಲಿನ ಜಗಳಗಳಲ್ಲಿ ಕೆಲವಕ್ಕಾದರೂ ಕುರ್ಚಿ ಮತ್ತು ನೀರೇ ಸಾಕಾದ ಪರಿಹಾರ. ಗುಂಪಿನ ಗಾತ್ರವೂ ಮುಖ್ಯ. ವೆನಿಸ್ ನಗರವು 2024ರಲ್ಲಿ ಪ್ರವಾಸಿ ಗುಂಪುಗಳನ್ನು 25 ಜನರಿಗೆ ಸೀಮಿತಗೊಳಿಸಿ ಧ್ವನಿವರ್ಧಕಗಳನ್ನು ನಿಷೇಧಿಸಿದ್ದು ನಿವಾಸಿಗಳ ಹಿತಕ್ಕಾಗಿ. ಅಂಥ ಮಿತಿಯಿಂದ ಮಾರ್ಗದರ್ಶಕರಿಗೂ ಪ್ರತಿಯೊಬ್ಬರ ಮುಖ ನೋಡಿ ಮಾತಾಡುವ ಅವಕಾಶ ಹೆಚ್ಚುತ್ತದೆ.

ಇಷ್ಟೆಲ್ಲವನ್ನೂ ನಗುಮುಖದಿಂದಲೇ ಮಾಡಬೇಕು ಎಂಬಲ್ಲಿ ಈ ವೃತ್ತಿಯ ನಿಜವಾದ ಬೆಲೆ ಅಡಗಿದೆ. ವಿಮಾನ ಪರಿಚಾರಕಿಯರನ್ನು ಅಧ್ಯಯನ ಮಾಡಿದ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಇದನ್ನು ಭಾವಶ್ರಮವೆಂದು ಕರೆದು, ಒಳಗಿಲ್ಲದ ಭಾವವನ್ನು ಮುಖದ ಮೇಲೆ ತೋರುವುದಕ್ಕೂ ಆ ಭಾವವನ್ನು ಒಳಗೇ ಮೂಡಿಸಿಕೊಳ್ಳಲು ಯತ್ನಿಸುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿದರು. ಮೊದಲನೆಯದು ಹೆಚ್ಚಾದಷ್ಟೂ ಮಾನಸಿಕ ಬಳಲಿಕೆ ಹೆಚ್ಚಿರುವುದನ್ನು ಅನಂತರದ ಸಂಶೋಧನೆಗಳು ಮತ್ತೆ ಮತ್ತೆ ಕಂಡಿವೆ. ಇದಕ್ಕಿಂತ ಮೊದಲೇ, 1979ರಲ್ಲಿ, ರಾಬರ್ಟ್ ಕರಾಸೆಕ್ ಕೆಲಸದ ಒತ್ತಡ ಬರಿಯ ಹೊರೆಯಿಂದಲ್ಲ, ಹೊರೆ ಹೆಚ್ಚಿದ್ದು ನಿರ್ಧರಿಸುವ ಸ್ವಾತಂತ್ರ್ಯ ಕಡಿಮೆಯಿದ್ದಾಗ ತೀವ್ರವಾಗುತ್ತದೆ ಎಂದು ವಾದಿಸಿದ್ದರು. ಸ್ಥಳಗಳ ಪಟ್ಟಿ, ಊಟದ ಜಾಗ, ಅಂಗಡಿಯ ಭೇಟಿ ಎಲ್ಲವನ್ನೂ ಕಚೇರಿಯೇ ನಿಗದಿಪಡಿಸಿ, ಅಸಮಾಧಾನವನ್ನು ಮಾತ್ರ ಮಾರ್ಗದರ್ಶಕರು ನುಂಗಬೇಕಾದಾಗ ಆಗುವುದು ಇದೇ.

ಆದರೂ ಸಂಸ್ಥೆಗಳು ನಗುವಿನ ತರಬೇತಿಯನ್ನು ಇಷ್ಟಪಟ್ಟಷ್ಟು ಅಧಿಕಾರ ಬಿಟ್ಟುಕೊಡುವುದನ್ನು ಇಷ್ಟಪಡುವುದಿಲ್ಲ, ಏಕೆಂದರೆ ಮೊದಲನೆಯದು ಅಗ್ಗ. ಬಿಸಿಲು ಏರಿದರೆ ಒಂದು ಸ್ಥಳವನ್ನು ಕೈಬಿಡುವ ಅನುಮತಿ, ನಿಂದಿಸುವ ಪ್ರವಾಸಿಗರ ವಿಷಯದಲ್ಲಿ ಕಚೇರಿ ತಮ್ಮ ಬೆನ್ನಿಗೆ ನಿಲ್ಲುತ್ತದೆಂಬ ಲಿಖಿತ ಭರವಸೆ, ಒಂದು ಗುಂಪನ್ನು ಬೀಳ್ಕೊಟ್ಟು ಇನ್ನೊಂದನ್ನು ಎದುರುಗೊಳ್ಳುವ ಮುನ್ನ ಯಾರೊಡನೆಯೂ ಮಾತಾಡಬೇಕಿಲ್ಲದ ಬಿಡುವು: ಇವಕ್ಕೆ ತಗಲುವ ಖರ್ಚನ್ನು ಪ್ರವಾಸದ ದರ ನಿಗದಿಪಡಿಸುವ ಹಂತದಲ್ಲಿಯೇ ಸೇರಿಸಬೇಕಾಗುತ್ತದೆ.